ದಾನಪ್ಪನವರ ಕಾರಿನ ಬಣ್ಣ

ಕಾರಿಗೆ ಬಾಗಿಲು ಹುಟ್ಟುತ್ತವೆಯೇ? ಮಕ್ಕಳಿಗೆ ಹಲ್ಲು ಹುಟ್ಟುತ್ತವೆ, ಒಪ್ಪೋಣ. ಕಾರಿಗೆ ಬಾಗಿಲು? ಲಂಡನ್ನಿನ ರೇನರ್ಸ್ ಲೇನಿನ ತನ್ನ ಮನೆಯಲ್ಲಿ ಊಟದ ಟೇಬಲ್ಲಿನ ಮುಂದೆ ಕೂತಿದ್ದ ಸುವರ್ಣಾಳ ತಲೆಯೊಳಗೆ ಆ ಶನಿವಾರ ಬೆಳಿಗ್ಗೆ ಇದೊಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ಎದುರಿಗೆ ಮೂರು ಹಳೆಯ ಕಪ್ಪು ಬಿಳುಪು ಫೋಟೋ. ಮೂರರಲ್ಲೂ ಒಬ್ಬನೇ ತರುಣ: ತೆಳು ಮೀಸೆ, ಮೊರದಷ್ಟು ಅಗಲದ ಕಾಲರು, ಇಡೀ ಲಂಡನ್ನನ್ನೇ ಕೊಂಡುಕೊಂಡವನ ನಗು. ಮೂರರಲ್ಲೂ ಅವನ ಕೈ ಒಂದು ಕಾರಿನ ಮೇಲೆ. ಮೊದಲನೆಯದರಲ್ಲಿ ಆ ಕಾರಿಗೆ ಎರಡು ಬಾಗಿಲು, ದುಂಡು ದೀಪ. ಎರಡನೆಯದರಲ್ಲಿ ನಾಲ್ಕು ಬಾಗಿಲು, ಚೌಕ ದೀಪ. ಮೂರನೆಯದರಲ್ಲಿ ಮತ್ತೆ ದುಂಡು ದೀಪ, ಆದರೆ ನೆತ್ತಿಯ ಮೇಲೆ ಸಾಮಾನು ಕಟ್ಟುವ ಕಂಬಿ.

"ರೀ, ಒಂದ್ ನಿಮಿಷ ಬರ್ರಿ ಇಲ್ಲಿ. ಇದರಾಗ ಎಷ್ಟ್ ಬಾಗ್ಲಾ ಅದಾವ ನೋಡ್ರಿ."

ಅವಳ ಗಂಡ ಸೂರಜ ಅವಲಕ್ಕಿಯ ತಟ್ಟೆ ಹಿಡಿದುಕೊಂಡು ಬಂದ. "ಬಾಗ್ಲಾ ಆಮ್ಯಾಲ ನೋಡೂಣು. ಈ ತಾಟು ಎಲ್ಲಿ ಇಡ್ಲಿ, ಅದನ್ನ ಹೇಳು ಮೊದಲ."

ಅವನ ದೂರು ಸುಳ್ಳಲ್ಲ. ಆ ಟೇಬಲ್ಲಿನ ಮೇಲೆ ಅನ್ನ ಸಾರು ಕಂಡು ಬಹಳ ದಿನವಾಗಿತ್ತು. ಚಿಮಟ, ಚೂರಿ, ಉಗುರಿನಷ್ಟು ಸಣ್ಣ ಬಣ್ಣದ ಡಬ್ಬಿ, ಬಣ್ಣ ತೂರುವ ಪುಟ್ಟ ಯಂತ್ರ, ಬಗೆಬಗೆಯ ಉಪ್ಪುಕಾಗದ, ನಡುವೆ ಅಂಗೈಯಗಲದ ಪ್ಲಾಸ್ಟಿಕ್ ಕಾರಿನ ಬೋಳು ದೇಹ. ಮಗಳು ಸಾನ್ವಿ ಯೂನಿವರ್ಸಿಟಿಗೆ ಹೋಗುವಾಗ ಯಾರೋ ಕೊಟ್ಟ ಉಡುಗೊರೆಯನ್ನು ಬಿಚ್ಚದೆ ಬಿಟ್ಟು ಹೋಗಿದ್ದಳು. ಒಳಗೆ ಬಿಡಿ ಬಿಡಿ ತುಂಡು, ಜೋಡಿಸಿದರೆ ಒಂದು ಜೀಪು. ಏನಿದು ನೋಡೋಣ ಎಂದು ಬಿಚ್ಚಿದ ಸುವರ್ಣಾ ಇನ್ನೂ ಮುಚ್ಚಿಲ್ಲ. ಅದೂ ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಟ್ಟುವ ಜಾಯಮಾನ ಅವಳದಲ್ಲ. ಜೀಪನ್ನು ಕೊಯ್ದು, ಹಿಂದೆ ಹುಡ್ ಏರಿಸಿ, ಬೆಳಗಾವಿಯ ಸಂತೆಗೆ ಹೋಗುವ, ಜನ ಹೊರಗೆ ಜೋತುಬಿದ್ದ ಟ್ರ್ಯಾಕ್ಸ್ ಮಾಡಿದಳು. ಜಪಾನಿನ ವ್ಯಾನೊಂದು ಅವಳ ಕೈಯಲ್ಲಿ ಹಾಲಿನ ಕ್ಯಾನು ಹೊತ್ತ ಟೆಂಪೋ ಆಯಿತು. ಕನ್ನಡ ಬಳಗದ ದೀಪಾವಳಿಯಲ್ಲಿ ಅವನ್ನೆಲ್ಲ ಇಟ್ಟಾಗ, ಗಂಡಸರು ತಮ್ಮ ತಮ್ಮ ಹೆಂಡತಿಯರನ್ನು ಮರೆತು ಟೆಂಪೋದ ಸುತ್ತ ಮುಕುರಿಕೊಂಡಿದ್ದರು.

ಅಲ್ಲಿಯೇ ಶಿವಪ್ರಕಾಶ ಗಂಟುಬಿದ್ದದ್ದು. ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಲ್ಲಿ ಹುಟ್ಟಿ, ಅಲ್ಲಿಯೇ ಡಾಕ್ಟರಾದ ಐವತ್ತರ ಆಸುಪಾಸಿನ ಮನುಷ್ಯ. ತಂದೆ ದಾನಪ್ಪನವರಿಗೆ ಎಂಬತ್ತೈದು ತುಂಬುತ್ತಿತ್ತು.

"ಅಪ್ಪಂದು ಫಸ್ಟ್ ಕಾರ್ ಮಾಡಿ ಕೊಡ್ತೀರಾ, ಸುವರ್ಣಾ? ಎಸ್ಕಾರ್ಟ್. ಅಪ್ಪ ಧಾರವಾಡದಿಂದ ಇಲ್ಲಿ ಬಂದು ಸ್ವಲ್ಪ ದಿನಕ್ಕೇ ತಗೊಂಡಿದ್ದು. ಆಮೇಲೆ ಮದುವೆ ಆಯ್ತಲ್ಲ, ಅಮ್ಮನ್ನ ಕರೆಸೋಕೆ ಪ್ಲೇನ್ ಟಿಕೆಟ್‌ಗೆ ದುಡ್ಡಿರಲಿಲ್ಲ. ಕಾರ್ ಮಾರಿಬಿಟ್ರು. ಜಸ್ಟ್ ಲೈಕ್ ದ್ಯಾಟ್!"

ಈ ಕಥೆಯನ್ನು ಕೇಳದವರು ಬಳಗದಲ್ಲಿ ಯಾರೂ ಇರಲಿಲ್ಲ. ಯುಗಾದಿಗೆ ಹೇಳುತ್ತಿದ್ದ, ದಸರೆಗೆ ಹೇಳುತ್ತಿದ್ದ, ಯಾರದಾದರೂ ಮದುವೆಯ ಊಟದಲ್ಲಿ ಪಕ್ಕದಲ್ಲಿ ಕೂತರೆ ಹೇಳುತ್ತಿದ್ದ. ಹೇಳುವಾಗ ಪ್ರತಿಸಲವೂ ಅವನ ಕಣ್ಣು ತೇವವಾಗುತ್ತಿತ್ತು. ಸುವರ್ಣಾ ಅಂದೇ ಹೂಂ ಎಂದಿದ್ದಳು. ಬಣ್ಣ ಯಾವುದು ಎಂದು ಕೇಳಿದಾಗ ಅವನು "ಹಸಿರು ಅನ್ಸುತ್ತೆ, ನನ್ನ ತಂಗಿ ಕೆಂಪು ಅಂತಾಳೆ" ಎಂದು ನಕ್ಕು, ಅಪ್ಪನ ಪೆಟ್ಟಿಗೆಯಿಂದ ತೆಗೆದ ಈ ಮೂರು ಫೋಟೋ ಕೊಟ್ಟಿದ್ದ.

ಪೇಟೆಯಲ್ಲಿ ಸಿಕ್ಕಿದ್ದು ರೇಸಿನ ಎಸ್ಕಾರ್ಟಿನ ಪೆಟ್ಟಿಗೆ. ಲೋಕದ ಜನವೆಲ್ಲ ಸಾದಾ ಕಾರಿಗೆ ರೆಕ್ಕೆಪುಕ್ಕ ಹಚ್ಚಿ ರೇಸಿನ ಕಾರು ಮಾಡಿದರೆ, ಇವಳದು ಉಲ್ಟಾ ಕಾರಭಾರ. ಉಬ್ಬಿದ ಚಕ್ರದ ಕಮಾನುಗಳನ್ನು ಕೊಯ್ದು ತೆಗೆದಳು, ಗಾಯದ ಜಾಗಕ್ಕೆ ಪುಟ್ಟಿ ತುಂಬಿ ತಿಕ್ಕಿದಳು, ಒಳಗೆ ರೇಸಿನ ಚಾಲಕನನ್ನು ಕಾಯುವ ಕಂಬಿಯ ಪಂಜರ ಕಿತ್ತು, ತೆಳು ಹಾಳೆ ಕತ್ತರಿಸಿ ಬಡವರ ಮನೆಯ ಸೀಟು ಕೂರಿಸಿದಳು. ಎಲ್ಲ ಆಯಿತು. ಇನ್ನು ಬಣ್ಣ ತೂರುವುದೊಂದೇ ಬಾಕಿ ಎನ್ನುವಾಗ, ಕೊನೆಯದಾಗಿ ಒಮ್ಮೆ ನೋಡೋಣವೆಂದು ಭೂತಗನ್ನಡಿ ಹಿಡಿದಳು ನೋಡಿ, ಎಡವಟ್ಟಾಯಿತು.

"ದೀಪಾ ಒಡದಿರಬೇಕು, ಬ್ಯಾರೆ ಹಾಕ್ಸಿರ್ತಾರ," ಎಂದ ಸೂರಜ, ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ತಿನ್ನುತ್ತಾ.

"ದೀಪಾ ಹಾಕ್ಸಬಹುದು. ಕಂಬಿನೂ ಹಾಕ್ಸಬಹುದು. ಬಾಗ್ಲಾ?"

"ಅದನ್ನ ನೀ ಹೇಳ್ಬೇಕು. ದಿನಾ ಬೆಳಗಾದ್ರ ಅದ ನಿನ್ನ ಕೆಲಸ."

ಹೌದು, ಅದೇ ಅವಳ ಕೆಲಸ. ಅಕ್ಸ್‌ಬ್ರಿಡ್ಜಿನ ಒಂದು ವಿಮೆ ಕಂಪನಿಯಲ್ಲಿ ಅವಳು ಜನ ಕಳಿಸುವ ನುಜ್ಜುಗುಜ್ಜಾದ ಕಾರಿನ ಫೋಟೋ ನೋಡಿ, ಇದು ಖರೆ, ಇದು ಸುಳ್ಳು ಎಂದು ಬರೆಯುತ್ತಿದ್ದಳು. ಪಕ್ಕದ ಮನೆಯವರ ಒಡೆದ ಬಂಪರನ್ನು ತಮ್ಮದೆಂದು ಕಳಿಸಿದವರನ್ನು ಎಷ್ಟೋ ಸಲ ಹಿಡಿದುಹಾಕಿದ್ದಳು. ಆ ಕಣ್ಣು ಈಗ ಹೇಳುತ್ತಿತ್ತು, ಇವು ಮೂರು ಬೇರೆ ಬೇರೆ ಕಾರು. ಅಯ್ಯೋ ಶಿವನೇ! ಬಾಡಿಗೆ ಖೋಲಿಯಲ್ಲಿದ್ದು ಫ್ಯಾಕ್ಟರಿಗೆ ಹೋಗುತ್ತಿದ್ದ ಮನುಷ್ಯನಿಗೆ ಮೂರು ಕಾರೇ? ಹಾಗಿದ್ದರೆ ಟಿಕೆಟ್ಟಿಗೆ ಒಂದನ್ನು ಮಾರಿ ಎರಡನ್ನು ಏನು ಮಾಡಿದ?

ಶಿವಪ್ರಕಾಶನಿಗೆ ಫೋನು ಹಚ್ಚಿ ಕೇಳಿದಳು. "ಒಂದೇ ಕಾರ್. ಡೆಫಿನೆಟ್ಲಿ ಒಂದೇ. ಯಾಕೆ?" ಎಂದ. ಏನಿಲ್ಲ ಎಂದು ಇಟ್ಟುಬಿಟ್ಟಳು. ತಲೆ ಚಿಟ್ಟು ಹಿಡಿದು ಹೋಯಿತು. ಗೊತ್ತಿಲ್ಲದೆ ಬಣ್ಣ ಹಚ್ಚುವುದು ಅವಳಿಂದ ಆಗದ ಮಾತು. ಮರುದಿನ ಐತವಾರ, ಫೋಟೋಗಳನ್ನು ಚೀಲಕ್ಕೆ ಹಾಕಿಕೊಂಡು, ಫ್ಯಾರಿಂಗ್ಡನ್ನಿನಲ್ಲಿ ಟ್ಯೂಬು ರೈಲು ಬದಲಿಸಿ, ಎಲಿಜಬೆತ್ ಲೈನ್ ಹಿಡಿದು ಇಲ್ಫರ್ಡಿಗೆ ಹೋದಳು. ಸ್ಟೇಷನ್ನಿನಿಂದ ಮನೆಗೆ ಫೋನು ತೋರಿಸಿದ ದಾರಿ ನೆಟ್ಟಗಿತ್ತು. ಒಂದೇ ಉದ್ದ ಓಣಿ, ಎರಡೂ ಬದಿ ಹೆಗಲಿಗೆ ಹೆಗಲು ತಾಗಿಸಿದ ಮನೆಗಳು. ಅದರ ಕೊನೆಯಲ್ಲಿ ತಿರುಗಿದರೆ ದಾನಪ್ಪನವರ ಮನೆ. ಬೇಗನೆ ಮುಟ್ಟಿದಳು.

ದಾನಪ್ಪನವರು ಮುಂದಿನ ಖೋಲಿಯಲ್ಲಿ ಎರಡು ಸ್ವೆಟರು, ತಲೆಗೊಂದು ಮಫ್ಲರು ಸುತ್ತಿಕೊಂಡು ಕೂತಿದ್ದರು. ಅವರ ಹೆಂಡತಿ ಚನ್ನಬಸವ್ವನವರು ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ, ಪೇಪರು ಹಾಸಿಕೊಂಡು ಮೆಂತೆಪಲ್ಲೆ ಸೋಸುತ್ತಿದ್ದರು. ಮಗ, ಸೊಸೆ ಸಾಮಾನು ತರಲು ಹೋಗಿದ್ದರು. ಚಹಾ ಬಂತು, ಚುರುಮುರಿ ಬಂತು, ಬೆಳಗಾವಿಯೊಳಗ ನಿಮ್ಮವರು ಯಾರು ಎನ್ನುವ ವಿಚಾರಣೆ ಮುಗಿಯಿತು.

"ಕಾಕಾರ, ನಿಮ್ಮ ಗಾಡಿ ಬಣ್ಣಾ ಯಾವದಿತ್ರಿ?"

"ಹಸರು," ಎಂದರು ದಾನಪ್ಪ ತಟ್ಟನೆ. ಒಂದು ಗುಟುಕು ಚಹಾ ಕುಡಿದು, "ಹಸರು ಅಂದ್ರ ಪೂರಾ ಹಸರಲ್ಲ. ನೀಲಿ ಇರಬೇಕು. ಭಾಳ ದಿನಾತು ನೋಡವಾ" ಎಂದರು.

"ಇದರಾಗ ಎರಡು ಬಾಗ್ಲಾ ಅದಾವು, ಇದರಾಗ ನಾಲ್ಕು. ಇದ್ಹೆಂಗ್ರಿ?"

ದಾನಪ್ಪನವರು ಫೋಟೋ ನೋಡಲೇ ಇಲ್ಲ. ಮಫ್ಲರು ಸರಿಮಾಡಿಕೊಂಡರು. "ಬೆಳಕು ಹಂಗ ಬಿದ್ದಿರಬೇಕು," ಎಂದರು. ಬೆಳಕು ಬಿದ್ದರೆ ಬಾಗಿಲು ಹೆಚ್ಚುತ್ತವೆ ಎಂದು ಸುವರ್ಣಾ ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಕೇಳಿರಲಿಲ್ಲ. ಬಿಡದೆ ಮೊದಲನೆಯ ಫೋಟೋ ಮುಂದೆ ಹಿಡಿದಳು. ಅದು ಎಲ್ಲಕ್ಕಿಂತ ಸ್ಪಷ್ಟವಾಗಿತ್ತು, ಕಾರಿನ ಮುಂಭಾಗ ಪೂರ್ತಿ ಕಾಣುತ್ತಿತ್ತು. "ಇಲ್ಲಿ ಗಾಜಿನ ಮ್ಯಾಲ ಏನೋ ಮಬ್ಬು ಐತಲ್ರಿ, ಇದು ಫೋಟೋದ ಮ್ಯಾಲಿನ ಕಲೆನೋ, ಗಾಡಿ ಒಳಗಿಂದೋ?"

"ಕಲೆ, ಕಲೆ," ಎಂದರು ದಾನಪ್ಪ.

ಚನ್ನಬಸವ್ವನವರ ಕೈ ಮೆಂತೆಯ ಕಟ್ಟಿನ ಮೇಲೆ ಅರೆಗಳಿಗೆ ನಿಂತಿತು. ಮತ್ತೆ ಎಲೆ ಬಿಡಿಸುತ್ತ, ತಲೆ ಎತ್ತದೆ ಹೇಳಿದರು. "ನಮ್ಮಪ್ಪ ಆ ಫೋಟೋ ನೋಡೇ ನನ್ನ ಕೊಟ್ಟಿದ್ದು. ವರಾ ಲಂಡನ್ನಿನ್ಯಾಗ ಗಾಡಿ ಇಟ್ಟಾನ ಅಂತ ಇಡೀ ಓಣಿಗೆ ತೋರ್ಸಿ ಬಂದಿದ್ದ. ನಾ ಇಲ್ಲಿ ವಿಮಾನ ಇಳದಾಗ ಇವ್ರು ಬಸ್ಸಿನ್ಯಾಗ ಕರಿಯಾಕ ಬಂದ್ರು. ಗಾಡಿ ಎಲ್ಲಿ ಅಂದೆ. ನಿನ್ನ ಟಿಕೀಟಿಗೆ ಮಾರಿದೆ ಅಂದ್ರು. ನನ್ನ ಸಲುವಾಗಿ ಗಾಡಿ ಮಾರಿದ್ರಲ್ಲ ಅಂತ ಬಸ್ಸಿನ ದಾರಿ ತುಂಬಾ ಅತ್ಕೋಂತ ಬಂದೆ, ನೋಡು."

ಹೇಳಿ ಮುಗಿಸಿ ಕಸವನ್ನು ಮುದುಡಿ ಎದ್ದು ಒಳಗೆ ಹೋದರು. ದಾನಪ್ಪನವರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಯಾಕೆ ಹೀಗೆ? ಹೆಂಡತಿ ಹೊಗಳಿದರೆ ಗಂಡಸಿನ ಮುಖ ಅರಳಬೇಕಲ್ಲ?

ಹೊರಟು ನಿಂತಾಗ, "ಸ್ಟೇಷನ್ನಿನ ತನಕ ನಾನೂ ಬರ್ತೀನಿ, ಕಾಲು ಹಿಡ್ಕೊಂಡಾವ" ಎಂದು ಕೋಲು ತೆಗೆದುಕೊಂಡರು. ಗೇಟು ದಾಟಿ ಸುವರ್ಣಾ ಬಲಕ್ಕೆ ತಿರುಗಿದರೆ ಅವರು ಎಡಕ್ಕೆ ತಿರುಗಿದರು.

"ಕಾಕಾರ, ಹಿಂಗ ನೆಟ್ಟಗ ಹೋದ್ರ ಸ್ಟೇಷನ್ ಬರ್ತೈತ್ರಿ."

"ಇದೂ ಹೋಗ್ತೈತಿ," ಎಂದರು ಮುದುಕರು. ಹೋಗುತ್ತಿತ್ತೇನೋ, ಆದರೆ ಅರ್ಧ ಇಲ್ಫರ್ಡ್ ಪ್ರದಕ್ಷಿಣೆ ಹಾಕಿ. ಒಂದು ಪಾರ್ಕು, ಒಂದು ಚರ್ಚು, ಮಾಂಸದ ಅಂಗಡಿ, ಮತ್ತೊಂದು ಪಾರ್ಕು. ಕೋಲೂರಿಕೊಂಡು ನಡೆಯುವ ಎಂಬತ್ತೈದರ ಮನುಷ್ಯ ಹತ್ತಿರದ ದಾರಿ ಬಿಟ್ಟು ಹೀಗೇಕೆ ಸುತ್ತುತ್ತಿದ್ದಾರೆ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ಎರಡನೆಯ ಪಾರ್ಕಿನ ಬೆಂಚಿನ ಮೇಲೆ ಅವರು ಕೂತುಬಿಟ್ಟರು.

"ಗಾಡಿ ಇರ್ಲಿಲ್ಲವಾ."

"ಯಾವ ಗಾಡಿ?"

"ಯಾವದೂ. ನನ್ನ ಹತ್ರ ಆವಾಗ ಸೈಕಲ್ ಸೈತ ಇರ್ಲಿಲ್ಲ."

ಹೇಳಿದ ಮೇಲೆ ಮುದುಕರಿಗೆ ತಡೆಯಲಾಗಲಿಲ್ಲ. ಒಂದು ಖೋಲಿಯಲ್ಲಿ ನಾಲ್ಕು ಮಂದಿ ಗಂಡಸರು, ಒಬ್ಬನ ಹತ್ತಿರ ಕ್ಯಾಮರಾ. ಐತವಾರ ಬಂದರೆ ಅಂಗಿ ಇಸ್ತ್ರಿ ಮಾಡಿಕೊಂಡು ಓಣಿ ಓಣಿ ತಿರುಗುವುದು, ಯಾರೂ ಇಲ್ಲದಾಗ ಚೆಂದದ ಕಾರು ನೋಡಿ ಅದರ ಮೇಲೆ ಕೈ ಇಟ್ಟು ನಿಲ್ಲುವುದು. ಊರಿಗೆ ಕಳಿಸುವುದು. ಎಲ್ಲರೂ ಮಾಡುತ್ತಿದ್ದರು. ಯಾರಿಗೂ ಅದು ಸುಳ್ಳು ಅನ್ನಿಸಿರಲಿಲ್ಲ. ನಾಳೆ ಹೇಗೂ ಕೊಳ್ಳುವವರಲ್ಲವೇ ತಾವು?

"ಏರ್‌ಪೋರ್ಟಿನ್ಯಾಗ ಆಕಿ ಗಾಡಿ ಎಲ್ಲಿ ಅಂದ್ಲು. ಬಾಯಿಗೆ ಬಂದದ್ದ ಹೇಳ್ಬಿಟ್ಟೆ. ಆಕಿ ಅಳಾಕತ್ತಿದ್ಲು. ಇಲ್ಲವಾ, ಸುಳ್ಳು ಹೇಳೇನಿ ಅನ್ನಾಕ ಹೆಂಗ ಬಾಯಿ ಬರಬೇಕು? ನಾಳಿ ಹೇಳೂಣು ಅಂದೆ. ನಾಳಿ ಮಗಾ ಹುಟ್ಟಿದ. ಆಮ್ಯಾಲ ಅವ ಅದನ್ನ ಕತಿ ಮಾಡ್ಕೊಂಡ ಊರ ತುಂಬಾ ಹೇಳಾಕತ್ತ." ಅವರು ಕೋಲಿನ ತುದಿಯಿಂದ ನೆಲ ಕೆರೆದರು. "ಆ ಮೊದಲನೇ ಫೋಟೋದಾಗಿನ ಗಾಡಿ ಇತ್ತಲ್ಲ, ಅದು ನಮ್ಮ ಬಾಜೂ ಓಣ್ಯಾಗ, ಸ್ಟೇಷನ್ನಿಗೆ ನೆಟ್ಟಗ ಹೋಗೂ ಆ ಓಣ್ಯಾಗ ನಿಂದರ್ತಿತ್ತು. ಚನ್ನಿ ನೋಡಿಗೀಡ್ಯಾಳು ಅಂತ ಯಾವತ್ತೂ ಆ ಓಣಿ ಹಾಯಿಸ್ಲಿಲ್ಲ ನಾ. ಹಿಂಗ ಸುತ್ತ ಹಾಕಿ ಕರ್ಕೊಂಡ್ ಹೋಗ್ತಿದ್ದೆ. ಈಗ ಆ ಗಾಡಿನೂ ಇಲ್ಲ, ಅದರ ಮಾಲಕನೂ ಇಲ್ಲ. ಕಾಲಿಗೆ ರೂಢಿ ಬಿದ್ದೈತಿ."

ಸುವರ್ಣಾಳಿಗೆ ಮೊದಲು ಬಂದದ್ದು ಸಿಟ್ಟು. ಇಂಥ ಫೋಟೋ ಕಳಿಸಿದ ಮಂದಿಗೆ ದಿನಬೆಳಗಾದರೆ ಇಲ್ಲ ಎಂದು ಬರೆಯುವ ತನ್ನ ಕೈಯಿಂದಲೇ ಇಂಥ ಕಾರು ಕಟ್ಟಿಸಿದರಲ್ಲ ಎಂದು. ಇನ್ನೂ ಕೋಲಿನಿಂದ ನೆಲ ಕೆರೆಯುತ್ತಲೇ ಇದ್ದ ಮುದುಕರನ್ನು ನೋಡಿ ಆ ಸಿಟ್ಟು ಎಲ್ಲಿ ಹೋಯಿತೋ.

"ಅದನ್ನ ಮಾಡಬ್ಯಾಡವಾ. ಸಾಮಾನು ಸಿಗಲಿಲ್ಲ, ಮುರಿದಹೋತು, ಏನರ ಹೇಳು. ಮಾತಿನ್ಯಾಗ ಇದ್ದದ್ದು ಮಾತಿನ್ಯಾಗ ಹೋಗ್ತೈತಿ. ಆ ಗಾಡಿ ದಿನಾ ಕಣ್ಣ ಮುಂದ ಕಪಾಟಿನ್ಯಾಗ ಕುಂತ್ರ ಆಕಿ ಮುಂದ ನಾ ಹೆಂಗ ಊಟಾ ಮಾಡ್ಲಿ? ಐವತ್ತ ವರ್ಷ ಆಕಿ ಕಣ್ಣಾಗ ನಾ ದೊಡ್ಡಾಂವ ಆಗೇನಿ. ಇನ್ನೆಷ್ಟ ದಿನಾ ಉಳದಾವು. ಆಕಿಗೆ ಹೇಳಬ್ಯಾಡ, ಹಂಗ ಹೋಗ್ಬಿಡ್ತೀನಿ."

ನೋಡ್ತೀನ್ರಿ ಎಂದಷ್ಟೇ ಹೇಳಿ ಅವಳು ಎದ್ದಳು. ರೈಲಿನಲ್ಲಿ ಕೂತಾಗ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಗಿತ್ತು. ಮಾಡದಿದ್ದರೆ ಶಿವಪ್ರಕಾಶ ಬಿಡುವವನಲ್ಲ, ಬೇರೆ ಯಾರಿಂದಲೋ ಮಾಡಿಸುತ್ತಾನೆ, ನೂರು ಪ್ರಶ್ನೆ ಎಬ್ಬಿಸುತ್ತಾನೆ. ಮಾಡಿದರೆ ಮುದುಕರ ಅನ್ನಕ್ಕೆ ಕಲ್ಲು. ಅದೂ ಸಾಯಲಿ, ಮಾಡುವುದಾದರೂ ಯಾವ ಕಾರು? ಇಲ್ಲದ ಕಾರಿಗೆ ಯಾವ ಬಣ್ಣ?

"ಯಾವದರ ಒಂದ ಹಚ್ಚು," ಎಂದ ಸೂರಜ. "ಇಲ್ಲದ ಗಾಡಿಗೆ ತಪ್ಪು ಬಣ್ಣ ಅಂತ ಇರ್ತೈತೇನು?"

ಮಾತು ಸರಿಯಾಗೇ ಇತ್ತು. ಆದರೂ ಅವಳ ಕೈ ಏಳಲಿಲ್ಲ. ಸೋಮವಾರ ಹಸಿರು ಡಬ್ಬಿ ಬಿಚ್ಚಿ ಮುಚ್ಚಿದಳು, ಮಂಗಳವಾರ ನೀಲಿಯದು. ಬೂದು ಬಣ್ಣದ ಮೊದಲ ಲೇಪ ಬಳಿದುಕೊಂಡು ಆ ಪುಟ್ಟ ಕಾರು ಟೇಬಲ್ಲಿನ ನಡುವೆ, ಯಾರ ಮನೆಗೆ ಬಂದೆನೋ ಎಂದು ತಿಳಿಯದ ನೆಂಟನ ಹಾಗೆ ಕೂತಿತ್ತು.

ಗುರುವಾರ ಮಧ್ಯಾಹ್ನ ಆಫೀಸಿನ ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಾ ಚನ್ನಬಸವ್ವ. ಇವ್ರು ಗುಡಿಗೆ ಹೋಗ್ಯಾರ, ಲಗೂನ ಹೇಳಿ ಇಡ್ತೀನಿ. ಕೆನಿ ಬಣ್ಣ."

"ಏನ್ರಿ ಕಾಕೂ?"

"ಗಾಡಿದು. ಹಾಲಿನ ಮ್ಯಾಲಿನ ಕೆನಿ ಇರ್ತೈತಲ್ಲ, ಆ ಬಣ್ಣ. ಇವ್ರಿಗೆ ಬಣ್ಣ ತಿಳಿಯೂದಿಲ್ಲ, ಮದಲಿಂದನೂ ಹಂಗ."

ಸುವರ್ಣಾ ಕೈಯಲ್ಲಿದ್ದ ಚಪಾತಿ ಸುರುಳಿ ಡಬ್ಬಿಯೊಳಗೆ ಇಟ್ಟಳು. "ಕಾಕೂ, ನೀವು ಬರೂದ್ರಾಗ ಗಾಡಿ ಮಾರಿದ್ರಂತಲ್ರಿ. ನೀವು ಬಣ್ಣಾ ಹೆಂಗ ನೋಡಿದ್ರಿ? ಫೋಟೋ ಅಂತೂ ಕಪ್ಪು ಬಿಳುಪು."

ಆ ಕಡೆ ಕುಕ್ಕರಿನ ಸೀಟಿ ಕೂಗಿತು. ಚನ್ನಬಸವ್ವನವರು ಅದು ಮುಗಿಯುವವರೆಗೆ ಕಾದರು.

"ಬಂದ ಮೂರನೇ ದಿನಾ ನೋಡ್ದೆ. ಇವ್ರು ಕೆಲಸಕ್ಕ ಹೋಗಿದ್ರು, ಹಾಲು ತರಾಕ ಒಬ್ಬಾಕಿನ ಹೊರಗ ಬಿದ್ದೆ, ದಾರಿ ತಪ್ತು. ಬಾಜೂ ಓಣ್ಯಾಗ ನಿಂತಿತ್ತು. ಮದುವಿ ಮುಂಚೆ ಆ ಫೋಟೋ ನಾ ಎಷ್ಟ ಸಲ ನೋಡಿದ್ದೆ ಗೊತ್ತೇನು? ದಿಂಬಿನ ಬುಡಕ ಇಟ್ಕೊಂಡ ಮಲಗ್ತಿದ್ದೆ. ನೀ ಕಲೆ ಅಂದೆಲ್ಲ, ಅದು ಕಲೆ ಅಲ್ಲ, ಗೊಂಬಿ. ಗಾಜಿನ ಹಿಂದ ನೇತುಹಾಕಿದ್ದು. ಕೆಂಪು ಉಣ್ಣಿದು, ಒಂದ ಕಾಲು ಹರದ ಹೋಗಿತ್ತು. ಒಬ್ಬ ಬೋಳ ತಲಿ ಬಿಳಿ ಮನಶಾ ಬಕೀಟು ಇಟ್ಕೊಂಡ ಅದನ್ನ ತೊಳಿಯಾಕತ್ತಿದ್ದ."

"ಮಾರಿದ್ದನ್ನ ಅವ ತಗೊಂಡಿರಬೇಕು ಅಂತ ಅನಸ್ಲಿಲ್ಲೇನ್ರಿ?" ಸುವರ್ಣಾ ಮುದುಕರ ಪರವಾಗಿ ಒಂದು ಕೊನೆಯ ಹುಲ್ಲುಕಡ್ಡಿ ಎಸೆದು ನೋಡಿದಳು.

"ಅನಸ್ತು. ಅದಕ್ಕ ಅವನ್ನ ಮಾತಾಡ್ಸಿದೆ, ಬರೇ ಕೈಸನ್ನೀಲೆ. ಗಾಡಿ ತೋರ್ಸಿ, ಹೊಸಾದೇನು ಅಂದೆ. ಅವ ಹೊಳ್ಳಿ ಮನಿ ಒಳಗ ಹೋಗಿ ಒಂದ ಫೋಟೋ ತಂದ ತೋರ್ಸಿದ. ಗಾಡಿ ಕೊಂಡ ದಿನಾ ಅವನು, ಅವನ ಹೇಣ್ತಿ, ಒಂದ ನಾಯಿ. ಅವಾಗನೂ ಅದ ಗೊಂಬಿ, ಎರಡೂ ಕಾಲು ಇದ್ವು. ಇವ್ರ ಫೋಟೋದಾಗ ಒಂದ ಕಾಲು, ಅಂದ್ರ ಗಾಡಿ ಮದಲಿಂದನೂ ಅವಂದ."

"ಮತ್ತ ಕಾಕಾರನ್ನ ಕೇಳ್ಲಿಲ್ಲೇನ್ರಿ?"

"ಅದು ನಮ್ಮಿಬ್ಬರ ಮಾತು, ನಿನಗ್ಯಾಕ? ನೀ ಗಾಡಿ ಮಾಡು, ಕೆಡಿಸಬ್ಯಾಡ. ಮತ್ತ ಹಿಂದ, ಎಡಕ್ಕ, ಚಕ್ರದ ಮ್ಯಾಲ ಒಂದ ತಗ್ಗು ಬಿದ್ದಿತ್ತು. ಒಂದ ನಿಂಬಿಹಣ್ಣು ಕುಂದರುವಷ್ಟು. ಅದನ್ನೂ ಮಾಡು."

"ಅದು ಫೋಟೋದಾಗ ಇಲ್ಲಲ್ರಿ. ಮುಂದಿನ ಭಾಗ ಅಷ್ಟ ಐತಿ."

"ಫೋಟೋದಾಗ ಇಲ್ಲ, ಗಾಡ್ಯಾಗಿತ್ತು. ಅದಿಲ್ಲಂದ್ರ ಅದು ಆ ಗಾಡಿ ಅಲ್ಲ. ಮತ್ತ ನೋಡು, ನನಗ ಗೊತ್ತೈತಿ ಅಂತ ಇವ್ರಿಗೆ ಒಂದ ಮಾತು ಹೇಳ್ಬ್ಯಾಡ." ಫೋನು ಕಟ್ಟಾಯಿತು.

ನೋಡಿ, ಎಂಥಾ ಪೀಕಲಾಟ! ಗಂಡ ಹೇಳುತ್ತಾನೆ ಹೆಂಡತಿಗೆ ಹೇಳಬೇಡ. ಹೆಂಡತಿ ಹೇಳುತ್ತಾಳೆ ಗಂಡನಿಗೆ ಹೇಳಬೇಡ. ಒಬ್ಬರಿಗೆ ಕಾರು ಬೇಡ, ಇನ್ನೊಬ್ಬರಿಗೆ ತಗ್ಗಿನ ಸಮೇತ ಬೇಕು. ಐವತ್ತು ವರ್ಷ ಒಂದೇ ಮಂಚದ ಮೇಲೆ ಮಲಗಿ ಎದ್ದವರ ನಡುವಿನ ಗುಟ್ಟನ್ನು ಹೊರಲು ರೇನರ್ಸ್ ಲೇನಿನಿಂದ ಇವಳೇ ಸಿಗಬೇಕಾಗಿತ್ತೇ? ಸುವರ್ಣಾಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎರಡೂ ಮಾಡದೆ ಆರಿದ ಚಪಾತಿ ತಿಂದಳು. ಆದರೆ ಒಂದು ಮಾತಂತೂ ನಿಜ, ಆ ಸಂಜೆ ಮನೆಗೆ ಬಂದವಳೇ ಹಸಿರು ನೀಲಿ ಡಬ್ಬಿಗಳನ್ನು ಕಪಾಟಿಗೆ ಎಸೆದಳು. ಈಗ ಅವಳಿಗೆ ಬಣ್ಣ ಗೊತ್ತಿತ್ತು, ಇನ್ನು ಕೈ ಕೇಳುವ ಹಾಗಿರಲಿಲ್ಲ.

ಬಿಳಿಗೆ ಒಂದು ಹನಿ ಹಳದಿ, ಅದಕ್ಕೆ ಸೂಜಿಮೊನೆಯಷ್ಟು ಕಂದು. ತೆಳುವಾಗಿ ತೂರಿದಳು, ಒಣಗಿಸಿದಳು, ಮತ್ತೆ ತೂರಿದಳು. ತಗ್ಗು ಮಾಡುವುದು ಮಾತ್ರ ಎದೆ ನಡುಗಿಸುವ ಕೆಲಸ. ಒಳಗಿನಿಂದ ಪ್ಲಾಸ್ಟಿಕ್ಕನ್ನು ಹೆರೆದು ಕಾಗದದಷ್ಟು ತೆಳ್ಳಗೆ ಮಾಡಿ, ಉಪ್ಪಿನ ಚಮಚದ ಬೆನ್ನನ್ನು ಬಿಸಿ ಮಾಡಿ ಹೊರಗಿನಿಂದ ಮೆಲ್ಲಗೆ ಒತ್ತಬೇಕು. ತುಸು ಹೆಚ್ಚಾದರೆ ತೂತು. ಒತ್ತಿದಳು. ಒಂದು ಸಣ್ಣ ಹೊಂಡ, ಅಂಚಿನಲ್ಲಿ ಕೂದಲೆಳೆಯ ತುಕ್ಕು. ಸಾನ್ವಿಯ ಹಳೆಯ ಸ್ವೆಟರಿನ ಒಂದು ಎಳೆ ಬಿಚ್ಚಿ ಗೊಂಬೆ ಕಟ್ಟಿದಳು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಎರಡು ಕಾಲು ಕಟ್ಟಿ, ಆಮೇಲೆ ಚೂರಿಯಿಂದ ಒಂದನ್ನು ಕತ್ತರಿಸಿದಳು.

"ಚೆಂದ ಇದ್ದದ್ದಕ್ಕ ಯಾಕ ಪೆಟ್ಟು ಹಾಕ್ತಿ?" ಎಂದ ಸೂರಜ.

"ನನಗೂ ತಿಳೀವಲ್ದು. ಅಲ್ರಿ, ಗೊತ್ತೈತಿ ಅಂತ ಹೇಳಬ್ಯಾಡ ಅನ್ನೋ ಮುದುಕಿಗೆ ಈ ತಗ್ಗು ಯಾಕ ಬೇಕು?" ಎಂದಳು. ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ.

ಹುಟ್ಟುಹಬ್ಬ ಇಲ್ಫರ್ಡಿನ ಮನೆಯಲ್ಲೇ. ಮುಂದಿನ ಖೋಲಿ, ಹಿಂದಿನ ಖೋಲಿ, ಮೆಟ್ಟಿಲು, ಎಲ್ಲ ಕಡೆ ಜನ. ಸುವರ್ಣಾ ಡಬ್ಬಿ ಹಿಡಿದು ಒಳಗೆ ಬಂದಳು. ಶಲ್ಯ ಹೊದ್ದು ಕೂತಿದ್ದ ದಾನಪ್ಪನವರು ಡಬ್ಬಿ ನೋಡಿದರು, ಅವಳ ಮುಖ ನೋಡಿದರು, ತಲೆ ತಗ್ಗಿಸಿದರು. ಮಾಡಬೇಡವಾ ಎಂದು ಬೆಂಚಿನ ಮೇಲೆ ಕೂತು ಬೇಡಿಕೊಂಡಿದ್ದ ಮನುಷ್ಯನಿಗೆ ತಾನು ಮಾಡಿ ತಂದಿದ್ದಳು. ಈಗ ತಿರುಗಿ ಓಡಿಹೋದರೆ ಹೇಗೆ ಎಂದೂ ಅನ್ನಿಸಿತು. ಅಷ್ಟರಲ್ಲಿ ಶಿವಪ್ರಕಾಶ ಡಬ್ಬಿ ಕಸಿದುಕೊಂಡ, ಚಮಚದಿಂದ ಗ್ಲಾಸು ಬಡಿದ, ಆ ಕಥೆ ಶುರುಮಾಡಿದ. ಬಂದದ್ದು, ಕೊಂಡದ್ದು, ಮಾರಿದ್ದು. ಅವನ ಕಣ್ಣು ತೇವವಾಯಿತು. ಜನ ಚಪ್ಪಾಳೆ ತಟ್ಟಿದರು. ಮುಚ್ಚಳ ತೆಗೆದು ಕಾರನ್ನು ಅಪ್ಪನ ಅಂಗೈಯಲ್ಲಿಟ್ಟ.

ಕೆನೆ ಬಣ್ಣ ನೋಡಿ ದಾನಪ್ಪನವರ ಹುಬ್ಬು ಮೇಲೆ ಹೋಯಿತು. ಕನ್ನಡಕ ಏರಿಸಿಕೊಂಡರು. ಗಾಜಿನೊಳಗೆ ಇಣುಕಿದರು, ಕೆಂಪು ಗೊಂಬೆ ಅಲುಗಿತು. ಅವರ ತುಟಿ ಏನೋ ಅಂದುಕೊಂಡಿತು. ಕಾರನ್ನು ಮೆಲ್ಲಗೆ ತಿರುಗಿಸಿದರು. ಹಿಂದೆ, ಎಡಕ್ಕೆ, ಚಕ್ರದ ಮೇಲೆ ಅವರ ಹೆಬ್ಬೆರಳು ಹೋಗಿ ನಿಂತಿತು. ಯಾವ ಫೋಟೋದಲ್ಲೂ ಇಲ್ಲದ ಆ ತಗ್ಗಿನ ಮೇಲೆ ಹೆಬ್ಬೆರಳು ಒಮ್ಮೆ ಹಾಯಿತು, ಹಿಂದಕ್ಕೆ ಬಂತು, ಮತ್ತೆ ಹಾಯಿತು.

"ಇದನ್ನ ನಿನಗ ಯಾರು ಹೇಳಿದ್ರು?" ಎಂದು ಸುವರ್ಣಾಳನ್ನು ಕೇಳಿದರು.

ಹೇಳಬೇಡ ಎಂದು ಇಬ್ಬರಿಂದಲೂ ಹೇಳಿಸಿಕೊಂಡ ಸುವರ್ಣಾ ಏನು ಹೇಳಿಯಾಳು? ಹೇಳುವ ಅಗತ್ಯವೂ ಬೀಳಲಿಲ್ಲ. ಆ ಓಣಿಗೆ ಹೋಗಿ ಆ ಗಾಡಿಯ ಬೆನ್ನು ನೋಡಿ ಬಂದವರು ಮುದುಕರನ್ನು ಬಿಟ್ಟರೆ ಈ ಖೋಲಿಯಲ್ಲಿ ಇನ್ನೊಬ್ಬರೇ ಇರಬಹುದಾಗಿತ್ತು. ದಾನಪ್ಪನವರು ಕಣ್ಣೆತ್ತಿ, ಹೋಳಿಗೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಈಗ, ಈಗ ಸುವರ್ಣಾಳಿಗೆ ತಗ್ಗು ಯಾಕೆಂದು ತಿಳಿಯಿತು. ಬಾಯಿಬಿಟ್ಟು ಹೇಳಲಾರದ್ದನ್ನು ಮುದುಕಿ ಇವಳ ಕೈಯಿಂದ ಪ್ಲಾಸ್ಟಿಕ್ಕಿನಲ್ಲಿ ಒತ್ತಿಸಿದ್ದಳು.

"ಚನ್ನೀ, ಯಾವಾಗಿಂದ?"

"ಮೂರನೇ ದಿನದಿಂದ," ಎಂದರು ಚನ್ನಬಸವ್ವ. ತಾಟಿನಿಂದ ಒಂದು ಹೋಳಿಗೆ ತೆಗೆದು ಅವರ ಮುಂದಿಟ್ಟು, ಮೇಲೆ ತುಪ್ಪ ಸುರಿದರು.

"ವಾಟ್? ಏನು ಮೂರನೇ ದಿನ?" ಎಂದ ಶಿವಪ್ರಕಾಶ. ಪಾಪ, ಅವನು ಸುವರ್ಣಾಳ ಕಡೆ ನೋಡಿದ, ಅವಳು ಛಾವಣಿಯ ಕಡೆ ನೋಡಿದಳು.

"ಗೊತ್ತಿದ್ದೂ ಇಷ್ಟ ವರ್ಷ..." ಮುದುಕರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ಒಂದ ಮಾತು ಅನಲಿಲ್ಲಲ್ಲ ನೀ."

"ಏನಂತಿದ್ದೆ? ಇದ್ದ ಗಾಡಿ ಹೇಣ್ತಿ ಸಲುವಾಗಿ ಯಾರರ ಮಾರ್ತಾರ. ನೀವು ಇಲ್ಲದ್ದನ್ನ ಮಾರಿದ್ರಿ." ಚನ್ನಬಸವ್ವ ಸೆರಗಿನಿಂದ ಗಂಡನ ಗಲ್ಲ ಒರೆಸಿದರು, ಮಗುವಿನ ಮೂಗು ಒರೆಸುವಷ್ಟು ಒರಟಾಗಿ. "ಹೋಳಿಗಿ ಆರತೈತಿ, ತಿನ್ರಿ. ತಿಂದಾದ ಮ್ಯಾಲ ಸುವರ್ಣಾನ್ನ ಸ್ಟೇಷನ್ನಿಗೆ ಬಿಟ್ಟ ಬರೂಣು, ನಾನೂ ಬರ್ತೀನಿ. ಆದ್ರ ಇವತ್ತರ ಆ ನೆಟ್ಟನ ಓಣ್ಯಾಗಿಂದ ಕರ್ಕೊಂಡ ಹೋಗ್ರಿ. ನಿಮ್ಮ ಸಂಗಾಟ ಸುತ್ತ ಹಾಕಿ ಹಾಕಿ ನನ್ನ ಕಾಲು ಸೋತಾವ."